ಪಡಸಾಲೆಯ ಹಲಗೆ

ಶನಿವಾರದ ಮುಂಜಾನೆ ಶಾಲೆ ಮುಗಿಸಿಕೊಂಡು ದೇವದುರ್ಗದಲ್ಲಿ ಹತ್ತಿದ ಬಸ್ಸು ಗಬ್ಬೂರು ದಾಟಿದರೂ ನಾಗವೇಣಿಯ ಬೆರಳಿಗೆ ಹತ್ತಿದ ವಾರ್ನಿಷು ಬಿಟ್ಟಿರಲಿಲ್ಲ. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದರೆ ಕೂಡಿಕೊಳ್ಳುತ್ತಿತ್ತು, ಎಳೆದರೆ ಮಾತ್ರ ಬಿಡುತ್ತಿತ್ತು. ತರಗತಿಯಲ್ಲಿ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆಯುವಾಗ ಸೀಮೆಸುಣ್ಣದ ಪುಡಿಯೆಲ್ಲ ಅಲ್ಲೇ ಮೆತ್ತಿಕೊಂಡು, ಹುಡುಗಿಯರು ಚಿತ್ರ ಬಿಟ್ಟು ತನ್ನ ಬೆರಳನ್ನೇ ನೋಡುತ್ತಿದ್ದಾರೆ ಎನ್ನಿಸಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಮುಂಜಾನೆ ಗಡಿಬಿಡಿಯಲ್ಲಿ ಮರದ ಗೊಂಬೆಮನೆಗೆ ಕೊನೆಯ ಸಲ ಬಳಿದು ಬಂದದ್ದು ಒಣಗಿತೋ ಇಲ್ಲವೋ, ಮೋಡ ಬೇರೆ ಕವಿದಿದೆ. ಸಂಜೆಗೆ ಉಮಾಶ್ರೀ ಬಂದು ಗೊಂಬೆಮನೆಯನ್ನು ತೆಗೆದುಕೊಂಡು ಹೋಗುತ್ತಾಳೆ. ಹೋದರೆ ಮುಗಿಯಿತು, ಕೇಳಬೇಕಾದ್ದನ್ನು ಕೇಳಲು ಮತ್ತೆ ನೆಪ ಸಿಗುವುದಿಲ್ಲ. ಕೇಳಬೇಕಾದ್ದಾದರೂ ಏನು ಮಹಾ? ನಿಮಗೆ ನೆನಪದ ಏನ್ರಿ, ಅಷ್ಟೇ. ಆ ಒಂದು ಮಾತನ್ನು ತಿಂಗಳಿಡೀ ಬಾಯೊಳಗೆ ಇಟ್ಟುಕೊಂಡು ತಿರುಗಿದ್ದಾಳೆ, ಉಗುಳಲೂ ಆಗದೆ ನುಂಗಲೂ ಆಗದೆ. ಕಂಡಕ್ಟರ್ ಬಂದು ಆಧಾರ್ ಕಾರ್ಡು ಕೇಳಿದಾಗ ಪರ್ಸು ತೆಗೆಯಲು ಹೋಗಿ ಬೆರಳು ಚೈನಿಗೆ ಅಂಟಿತು, ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತೆಂದು ಬಗ್ಗಿ ನೋಡಿದಳು.

ಉಮಾಶ್ರೀಯ ಫೋನು ಬಂದ ದಿನ ಅವಳು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. "ನಾಗೀ, ನಾನು ಮಾನ್ವಿ ರೈಸ್ ಮಿಲ್ಲಿನ ಉಮಾ" ಎಂಬ ದನಿ ಕೇಳಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಎದ್ದು ನಿಂತದ್ದು ಗೊತ್ತಾದದ್ದು ಮಾತೆಲ್ಲ ಮುಗಿದ ಮೇಲೆ. ಎದುರಿಗಿದ್ದ ಕನ್ನಡದ ಮೇಷ್ಟ್ರು ಯಾರಮ್ಮ ಫೋನಿನಲ್ಲಿ, ಡಿಡಿಪಿಐ ಸಾಹೇಬರೇನು ಎಂದು ನಕ್ಕರು. "ಅಲ್ಲ ಸರ್, ನನ್ನ ಗೆಳತಿ" ಅಂದಳು. ಗೆಳತಿ ಹೌದು. ಒಂದೇ ವಯಸ್ಸು, ಒಂದೇ ಅಂಗಳದಲ್ಲಿ ಆಡಿದವರು. ಆದರೆ ಆ ಗೆಳತಿ ಇವಳನ್ನು ನಾಗೀ, ಬಾರೆ, ಹೋಗೆ ಅನ್ನುತ್ತಾಳೆ, ಇವಳ ಬಾಯಿಂದ ಉಮಕ್ಕಾರ, ಬರ್ರಿ, ಹೂಂ ರೀ ಎಂದೇ ಬರುತ್ತದೆ. ಬದಲಿಸಬೇಕೆಂದು ಎಷ್ಟು ಸಲ ಅಂದುಕೊಂಡರೂ ನಾಲಿಗೆ ಕೇಳುವುದಿಲ್ಲ. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇವಳ ಶಾಲೆಯ ಮಾಡೆಲ್ಲುಗಳಿಗೆ ಬಹುಮಾನ ಬಂದ ಫೋಟೋ ಪೇಪರಿನಲ್ಲಿ ನೋಡಿದಳಂತೆ. ರಾಯಚೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದಾಳಂತೆ. ಮಾನ್ವಿಯ ಹಳೆಯ ಮನೆ ಬೀಳಿಸಿ ಗೋಡೌನು ಮಾಡಿದರಂತೆ, ಉಳಿದಿರುವುದು ಆ ಗೊಂಬೆಮನೆ ಒಂದೇ ಅಂತೆ. "ನಿನ್ನ ಕೈಯಿಂದನ ರಿಪೇರಿ ಆಗ್ಬೇಕು ನೋಡು. ಆ ಮನಿ ಹ್ಯಾಂಗಿತ್ತಂತ ನನಗಿಂತ ನಿನಗ ಛಲೋ ಗೊತ್ತದ" ಎಂದಾಗ ನಾಗವೇಣಿಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ನೆನೆದು ಈಗ ಬಸ್ಸಿನಲ್ಲಿ ಕಿವಿ ಬಿಸಿಯಾಯಿತು.

ಉಮಾಶ್ರೀ ಕಾರಿನಲ್ಲಿ ತಾನೇ ತಂದಿಳಿಸಿದ್ದಳು. ಮಿಲ್ಲಿನ ಬಡಿಗ ಅವಳ ಅಜ್ಜನ ಹೇಳಿಕೆಯಂತೆ ಮಾಡಿದ ಮರದ ಮನೆ; ದೊಡ್ಡ ಮನೆಯದೇ ಪಡಿಯಚ್ಚು, ಟೀಪಾಯಿಯ ಬಹುಪಾಲು ತುಂಬುವಷ್ಟು ದೊಡ್ಡದು. ಕೈ ಹೋಗುವಷ್ಟು ಅಗಲದ ತಲೆಬಾಗಿಲು, ಕಂಬಗಳ ಪಡಸಾಲೆ, ಆಚೆ ದೇವರಮನೆ, ಅಡುಗೆಮನೆ, ಮಾಳಿಗೆಗೆ ಬೆಳಕಿಂಡಿ. ಮಾಳಿಗೆಯನ್ನು ಮುಚ್ಚಳದಂತೆ ಎತ್ತಿದರೆ ಒಳಗಿನದೆಲ್ಲ ಕಾಣುತ್ತದೆ. ಒಂದು ಕಂಬ ಮುರಿದಿತ್ತು, ಬಣ್ಣ ಹೊಪ್ಪಳಿಕೆ ಎದ್ದಿತ್ತು, ಪಡಸಾಲೆಯ ಹಲಗೆ ನಡುವೆ ತಗ್ಗಾಗಿ, ಎರಡೂ ಅಂಚು ಮೇಲೆದ್ದು, ಬಾಗಿಲು ಅದಕ್ಕೆ ತಾಗಿ ಮುಚ್ಚುತ್ತಲೇ ಇರಲಿಲ್ಲ. ಉಮಾಶ್ರೀ ಹಲಗೆಯ ಮೇಲೆ ಕೈಯಾಡಿಸಿ ಅಂದಳು: "ಮಳ್ಯಾಗ ತೊಯ್ದು ಹಿಂಗಾಗ್ಯದ ನೋಡು." ನಾಗವೇಣಿ ಅವಳ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ, ಒಂದು ಹಳೆಯ ಸಾಮಾನು ಹಾಳಾಯಿತಲ್ಲ ಎಂಬ ಬೇಸರ ಬಿಟ್ಟರೆ. ಚಹಾ ತಂದಿಟ್ಟರೆ "ಈಗರೆ ಕುಡ್ದು ಬಂದೆ" ಅಂದಳು. ಕುಡಿದು ಬಂದಿದ್ದರೂ ಬಂದಿರಬಹುದು. ಜನ ಚಹಾ ಕುಡಿದು ಬರುವುದಿಲ್ಲವೇ? ಆ ಚಹಾ ಟೀಪಾಯಿಯ ಮೇಲೆ ಕೆನೆ ಕಟ್ಟಿ ಆರುವುದನ್ನು ನೋಡುತ್ತ ನಾಗವೇಣಿ ತನ್ನ ಮೇಲೆ ತಾನೇ ಸಿಟ್ಟಾದಳು.

ಮಳೆ ಬಂದದ್ದೂ ಸುಳ್ಳಲ್ಲ. ತಾವು ಸಣ್ಣವರಿದ್ದ ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಗೊಂಬೆ ಮದುವೆ ಮಾಡಿದರೆ ಮಳೆ ಆಗುತ್ತದೆಂದು ಊರಿನ ಹುಡುಗಿಯರೆಲ್ಲ ಓಣಿ ಓಣಿಯಲ್ಲಿ ಗೊಂಬೆಗಳಿಗೆ ಬಾಸಿಂಗ ಕಟ್ಟುತ್ತಿದ್ದರು. ಉಮಾಶ್ರೀಯ ಹತ್ತಿರ ಕಿನ್ನಾಳದ ಬಣ್ಣದ ಗಂಡುಗೊಂಬೆ ಇತ್ತು, ಹೆಣ್ಣು ಇರಲಿಲ್ಲ. ನಾಗವೇಣಿಯ ಹತ್ತಿರ ಅವ್ವ ಹಳೇ ಸೀರೆಯ ಚೂರಿನಿಂದ ಹೊಲಿದ ಅರಿವೆಯ ಗೊಂಬೆ ಇತ್ತು, ಕಣ್ಣಿಗೆ ಕಾಡಿಗೆ, ತಲೆಗೆ ಕಪ್ಪು ದಾರ. ಹಿತ್ತಲಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಗೊಂಬೆಮನೆ ಇಟ್ಟು, ಮಿಲ್ಲಿನಿಂದ ತಂದ ನುಚ್ಚನ್ನೇ ಅಕ್ಕಿಕಾಳು ಮಾಡಿ, ಮದುವೆ ಆಯಿತು. ಮದುವೆ ಆದ ಮೇಲೆ ಸೊಸೆ ಮನೆ ತುಂಬಬೇಕಲ್ಲ. ಸೇರಿನ ಬದಲು ಬಳೆಯೊಳಗೆ ತುಂಬಿಟ್ಟ ನುಚ್ಚನ್ನು ಅರಿವೆಯ ಕಾಲಿನಿಂದ ಒದೆಸಿ, ಉಮಾಶ್ರೀಯೇ "ಬಲಗಾಲು, ಬಲಗಾಲು" ಎನ್ನುತ್ತ ನಾಗವೇಣಿಯ ಕೈ ಹಿಡಿದು ಗೊಂಬೆಯನ್ನು ತಲೆಬಾಗಿಲಿನಿಂದ ಒಳಗೆ ಕರೆದುಕೊಂಡಳು. ಪಡಸಾಲೆಯಲ್ಲಿ ಕೂರಿಸಿದರು. ಅಷ್ಟರಲ್ಲಿ ಉಮಾಶ್ರೀಯ ಅಜ್ಜಿ ಶರಣಮ್ಮ ಬಂದು ನಿಂತಳು. ಬಯ್ಯಲಿಲ್ಲ. ಬೈದಿದ್ದರೆ ಅಳು ಬರುತ್ತಿತ್ತು, ಅತ್ತರೆ ಮುಗಿಯುತ್ತಿತ್ತು. "ಆಡ್ರಿ, ಆಡ್ರಿ, ಯಾರು ಬ್ಯಾಡಂದಾರ" ಅಂದಳು ನಗುತ್ತಲೇ. ಎರಡು ಬೆರಳಿನಿಂದ ಅರಿವೆಯ ಗೊಂಬೆಯನ್ನು ಎತ್ತಿ ಅಂಗಳಕ್ಕೆ ಹಾಕಿ, "ಉಮಾ, ಒಂದು ತಂಬಿಗಿ ನೀರು ತಾ" ಅಂದಳು. ಉಮಾಶ್ರೀ ಓಡಿ ಹೋಗಿ ತಂದುಕೊಟ್ಟಳು. ಶರಣಮ್ಮ ಆ ನೀರನ್ನು ಪಡಸಾಲೆಗೆ ಸುರಿದಳು, ಮೂಲೆ ಮೂಲೆಗೂ ಹೋಗುವಂತೆ ಮನೆಯನ್ನು ಆಚೆ ಈಚೆ ವಾಲಿಸಿದಳು. ನೀರು ನುಚ್ಚಿನ ಸಮೇತ ತಲೆಬಾಗಿಲಿನಿಂದ ಹೊರಗೆ ಹರಿಯಿತು. ಹಿತ್ತಲು ಗುಡಿಸುತ್ತಿದ್ದ ನಾಗವೇಣಿಯ ಅವ್ವ ಪಾರ್ವತೆಮ್ಮ ಯಾರೂ ಹೇಳದೆಯೇ ಬಂದು, ಬಗ್ಗಿ, ಅರಿವೆಯಿಂದ ಆ ನೀರನ್ನು ಒರೆಸಿ ತೆಗೆದಳು. ಒಣಗಲೆಂದು ಗೊಂಬೆಮನೆಯನ್ನು ಅಲ್ಲೇ ಬಿಟ್ಟರು. ಅವತ್ತು ಸಂಜೆ ಅದರ ಮೇಲೆ ಮಳೆ ಸುರಿಯಿತು. ಮದುವೆ ಫಲ ಕೊಟ್ಟಿತೆಂದು ಮಿಲ್ಲಿನವರೆಲ್ಲ ನಕ್ಕರು.

ಹಾಗಾಗಿ ಉಮಾಶ್ರೀಗೆ ನಿಜವಾಗಿಯೂ ಮಳೆಯಷ್ಟೇ ನೆನಪಿರಬಹುದು. ಮರೆತಿದ್ದರೆ ಅವಳ ತಪ್ಪಿಲ್ಲ. ಸಣ್ಣ ಹುಡುಗಿ, ಅಜ್ಜಿ ತಾ ಅಂದದ್ದನ್ನು ತಂದುಕೊಟ್ಟಳು. ಆದರೆ ಮರೆತಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೋ, ನೆನಪಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೋ ಎನ್ನುವುದೇ ನಾಗವೇಣಿಗೆ ತಿಳಿಯದು. ಮರೆತಿದ್ದರೆ ಇಷ್ಟು ವರ್ಷ ಆ ನೀರನ್ನು ಹೊತ್ತುಕೊಂಡು ತಿರುಗಿದವಳು ತಾನೊಬ್ಬಳೇ ಆಗುತ್ತಾಳೆ. ನೆನಪಿದ್ದರೆ, ನೆನಪಿದ್ದೂ ಮಳೆ ಅಂದಿದ್ದರೆ, ಸೋಮವಾರ ಅವಳ ಹೊಸ ಮನೆಯ ಗೃಹಪ್ರವೇಶಕ್ಕೆಂದು ಕೊಂಡಿಟ್ಟ ಇಳಕಲ್ ಸೀರೆಯನ್ನು ಏನು ಮಾಡುವುದು? "ಗೊಂಬಿ ಮನಿ ಮುಂದ ನೀನ ನಿಂತು ಎಲ್ಲಾರಿಗೂ ತೋರಿಸ್ಬೇಕು, ನನ್ನ ಗೆಳತಿ ಮಾಡ್ಯಾಳಂತ ಹೇಳ್ತೀನಿ" ಎಂದಿದ್ದಾಳೆ ಉಮಾಶ್ರೀ. ಆ ಮಾತಿಗಾಗಿ ನಾಗವೇಣಿ ಏನೆಲ್ಲ ಮಾಡಿದಳು! ಊದಿನಕಡ್ಡಿ ಹೆಣೆದು ಚಾಪೆ, ಕರವಸ್ತ್ರ ಕತ್ತರಿಸಿ ಅಕ್ಕಿಚೀಲ, ಹಸಿರು ರಿಬ್ಬನ್ನಿನ ಮಾವಿನ ತೋರಣ, ಅಡುಗೆಮನೆಗೆ ಅಂಗಿಯ ಗುಂಡಿಗಳಿಂದ ಪರಾತದ ತಟ್ಟೆ, ಬಾಗಿಲ ಮುಂದೆ ಸೂಜಿಮೊನೆಯಿಂದ ರಂಗೋಲಿ. ಪಡಸಾಲೆಯಲ್ಲಿ ಮಾತ್ರ ಏನನ್ನೂ ಇಡಲು ಕೈ ಬರಲಿಲ್ಲ.

ಆ ಹಲಗೆಯನ್ನು ಕಿತ್ತು ಹೊಸದು ಕೂರಿಸಿದ್ದರೆ ಒಂದು ಸಂಜೆಯ ಕೆಲಸ. ಬಡಿಗನ ಅಂಗಡಿಯಲ್ಲಿ ಹಾಗೇ ಹೇಳಿದರು. ಇವಳು ಕೇಳಲಿಲ್ಲ. ನೀರು ಕುಡಿದು ಬಾಗಿದ ಹಲಗೆಯನ್ನು ನೆಟ್ಟಗೆ ಮಾಡಬೇಕಾದರೆ ತಗ್ಗಾದ ಬದಿಗೆ ಮತ್ತೆ ನೀರೇ ಹಚ್ಚಬೇಕು, ಹಸಿ ಅರಿವೆ ಹೊದಿಸಿ, ಮೇಲೆ ಭಾರ ಹೇರಿ, ನೆರಳಲ್ಲಿ ಇಡಬೇಕು. ಅವ್ವನ ರುಬ್ಬುಗುಂಡನ್ನು ಹೇರಿಟ್ಟಳು. ದಿನಾ ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಗುಂಡು ಎತ್ತಿ ನೋಡುತ್ತಿದ್ದಳು. ಶಕ್ತಿನಗರದ ಡ್ಯೂಟಿ ಮುಗಿಸಿ ಬಂದ ಗಂಡ ಅನಿಲಕುಮಾರ, "ನನಗ ಜ್ವರ ಬಂದಾಗ ಸೈತ ಇಷ್ಟು ನೋಡಿಲ್ಲ ನೀ" ಎಂದು ಚೇಷ್ಟೆ ಮಾಡಿದ. ಹಲಗೆ ಸಾವಕಾಶ ನೆಟ್ಟಗಾಯಿತು. ನೆಟ್ಟಗಾದ ದಿನ ನಾಗವೇಣಿಗೆ ಸಂತೋಷವಾಗಲಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ತಾನೇ ತನ್ನ ಕೈಯಾರೆ ಅಳಿಸಿದೆನಲ್ಲ ಅನ್ನಿಸಿತು. ಮರುದಿನವೇ ಅಲ್ಲಾಉದ್ದೀನ್ ಅವರ ಬಣ್ಣದ ಅಂಗಡಿಗೆ ಹೋಗಿ ನೀರಿಗೆ ಜಗ್ಗದ ವಾರ್ನಿಷು ಕೇಳಿದಳು. ಅಲ್ಲಾಉದ್ದೀನ್ ಡಬ್ಬಿ ಕೊಡುವ ಮೊದಲು ಕನ್ನಡಕ ಏರಿಸಿ ನೋಡಿದರು. "ಟೀಚರಮ್ಮಾ, ಇದು ಬಾಹೆರ್ ಬಾಗಿಲಕ್ಕ ಹಚ್ಚೂದ್ರಿ, ಮಳಿ ಬಿಸಿಲಿಗೆ ತಡೀಲಿ ಅಂತ. ಗೊಂಬಿ ಮನಿ ಮಳ್ಯಾಗ ಇಡ್ತೀರೇನು?" "ಇರ್ಲಿ ಕೊಡ್ರಿ" ಅಂದಳು. ಹೊಳಪು ಚೆನ್ನಾಗಿ ಬರುತ್ತದೆ, ಅದಕ್ಕೇ, ಎಂದು ತನಗೆ ತಾನೇ ಹೇಳಿಕೊಂಡಳು. ಪದರದ ಮೇಲೆ ಪದರ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ ಮತ್ತೊಂದು ಪದರ. ಸಂದಿಗೊಂದಿಗೆ ಸಣ್ಣ ಕುಂಚ ಹೋಗದಿದ್ದರೆ ಬೆರಳಿನಿಂದ ಬಳಿದಳು.

ಬಸ್ಸು ರಾಯಚೂರು ಮುಟ್ಟುವಾಗ ಫೋನು ಬಂತು. ಉಮಾಶ್ರೀ ಸಂಜೆಗಲ್ಲ, ಈಗಲೇ ಹೊರಟಿದ್ದಾಳೆ. "ಕಾರು ಖಾಲಿ ಅದ, ಬಂದುಬಿಡ್ತೀನಿ" ಅಂದಳು. ನಾಗವೇಣಿ "ಬರ್ರಿ ಬರ್ರಿ" ಅಂದು, ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಬಂದಳು. ಆಟೋದಲ್ಲಿ ಕೂತವಳಿಗೆ ಆಟೋ ನಿಂತೇ ಇದೆ ಎನ್ನಿಸುತ್ತಿತ್ತು.

ಮನೆಯಲ್ಲಿ ಪಾರ್ವತೆಮ್ಮ ಟೀಪಾಯಿಯಿಂದ ದೂರ, ಗೋಡೆಗೆ ಬೆನ್ನು ಹಚ್ಚಿ ಕೂತು ಗೊಂಬೆಮನೆಯನ್ನು ಕಾಯುತ್ತಿದ್ದಳು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಮಗಳು ಒಳಗೆ ಬಂದದ್ದೇ ಎರಡೂ ಕೈ ಮೇಲೆತ್ತಿ ತೋರಿಸಿದಳು.

"ಮುಟ್ಟಿಲ್ಲವ್ವ. ಹತ್ರ ಸೈತ ಹೋಗಿಲ್ಲ. ನೊಣ ಕುಂತಿತ್ತು, ಇಲ್ಲಿಂದನ ಸೆರಗು ಬೀಸೀನಿ."

ನಾಗವೇಣಿ ನಿಂತಲ್ಲೇ ನಿಂತಳು. ಮುಂಜಾನೆ ಗಡಿಬಿಡಿಯಲ್ಲಿ "ಯವ್ವಾ, ಅದನ್ನ ಮುಟ್ಟಬ್ಯಾಡ" ಎಂದು ಹೇಳಿ ಹೋದವಳು ತಾನೇ. ಹಸಿ ವಾರ್ನಿಷು, ಯಾರಿಗಾದರೂ ಹೇಳುವ ಮಾತು. ಆದರೆ ಆ ಮಾತು ಕೇಳಿದ ಕೂಡಲೇ ಅವ್ವ ಕೈ ಹಿಂದಕ್ಕೆ ಕಟ್ಟಿಕೊಂಡು ಎರಡು ಹೆಜ್ಜೆ ಸರಿದದ್ದು, ಯಾಕೆಂದು ಕೇಳದೆಯೇ ಸರಿದದ್ದು, ಈಗ ಕಣ್ಣಿಗೆ ಬಂತು. ಮಿಲ್ಲಿನ ಅಂಗಳದಲ್ಲಿ ಭತ್ತ ಹರವುತ್ತ, ಹಿತ್ತಲು ಗುಡಿಸುತ್ತ ಹರೆಯ ಕಳೆದ ಅವ್ವ ಆ ದೊಡ್ಡ ಮನೆಯ ಪಡಸಾಲೆಯನ್ನು ಹೊರಗಿನಿಂದಷ್ಟೇ ಕಂಡವಳು. ಈಗ ತನ್ನ ಮಗಳ ಮನೆಯ ಹಾಲಿನಲ್ಲಿ, ಮಗಳ ಮಾತಿಗೆ, ಅದೇ ಮನೆಯಿಂದ ದೂರ ಕೂತಿದ್ದಾಳೆ. ನಾಗವೇಣಿಗೆ ಚಪ್ಪಲಿಯಿಂದ ಹೊಡೆದುಕೊಳ್ಳಬೇಕು ಅನ್ನಿಸಿತು. "ಒಣಗೂ ತನ ಅಂದಿದ್ದೆ ಬೇ, ಹಂಗಲ್ಲ" ಎಂದು ಏನೋ ಹೇಳಲು ಹೋದಳು. ಪಾರ್ವತೆಮ್ಮನಿಗೆ ಅದು ಅರ್ಥವಾಗಲಿಲ್ಲ.

"ಯವ್ವಾ, ಆ ನೀರು ಹಾಕಿದ್ದು ಉಮಕ್ಕಾಗ ನೆನಪಿರ್ತದೇನು?"

"ಯಾವ ನೀರು?" ಎಂದಳು ಪಾರ್ವತೆಮ್ಮ. ಆಮೇಲೆ ಮಗಳ ಮುಖ ನೋಡಿ, "ಅವರಿಗ್ಯಾಕ ನೆನಪಿರ್ತದ. ಒರೆಸಿದಾಕಿ ನಾನು" ಎಂದು ಚಹಾಕ್ಕೆ ನೀರಿಡಲು ಎದ್ದಳು.

ಉಮಾಶ್ರೀ ಬಂದಳು. ಬಂದವಳೇ "ಅಯ್ಯ ಶಿವನೇ" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಾಳಿಗೆ ಎತ್ತಿ ಇಣುಕಿದಳು, ದೇವರಮನೆಯಲ್ಲಿ ಮಣಿಯಷ್ಟು ದೀಪ ನೋಡಿ ಕಣ್ಣು ಒದ್ದೆ ಮಾಡಿಕೊಂಡಳು. "ನಮ್ಮಜ್ಜ ಇದ್ದಿದ್ರ ನಿನ್ನ ಕೈಗೆ ಬಂಗಾರದ ಬಳಿ ಹಾಕ್ತಿದ್ದ ನೋಡು ನಾಗೀ." ಪಾರ್ವತೆಮ್ಮ ತಂದ ಚಹಾವನ್ನು ಈ ಸಲ ಬೇಡ ಅನ್ನಲಿಲ್ಲ, ನಿಂತುಕೊಂಡೇ ಕುಡಿದಳು, "ಭಾಳ ಛಲೋ ಆಗ್ಯದ ಪಾರ್ವತೆಮ್ಮ, ಇನ್ನೊಂದೀಟು ಇದ್ರ ಹಾಕು" ಎಂದು ಕಪ್ಪು ಚಾಚಿದಳು. ನಾಗವೇಣಿಯ ಮೈ ಹಗುರಾಯಿತು. ಎಷ್ಟು ಸಣ್ಣ ಮನಸ್ಸು ನನ್ನದು, ತಿಂಗಳಿಡೀ ಒಂದು ಕಪ್ ಚಹಾ ಹಿಡಿದುಕೊಂಡು ಕೂತಿದ್ದೆನಲ್ಲ, ಎಂದು ನಾಚಿಕೆಯಾಯಿತು. ಕೇಳುವುದೇ ಬೇಡ. ಮರೆತಿದ್ದಾಳೆ, ಮರೆತು ಸುಖವಾಗಿದ್ದಾಳೆ, ನಾನೂ ಇಳಕಲ್ ಸೀರೆ ಉಟ್ಟು ಸೋಮವಾರ ಹೋಗಿ ನಿಂತರಾಯಿತು. ಉಮಾಶ್ರೀ ಬಗ್ಗಿ ತಲೆಬಾಗಿಲು ಮುಚ್ಚಿ ತೆಗೆದು ಮಾಡಿದಳು. ಬಾಗಿಲು ಎಲ್ಲೂ ತಾಗಲಿಲ್ಲ.

"ಹಲಗಿ ಹೊಸಾದು ಹಾಕ್ದಿ?"

"ಇಲ್ರಿ ಉಮಕ್ಕಾರ. ಅದ ಹಲಗಿ."

"ಹೌದಾ! ಪಡಸಾಲ್ಯಾಗ ಯಾಕ ಏನೂ ಇಟ್ಟಿಲ್ಲ? ಇರ್ಲಿ, ಬರಿದು ಇದ್ರನ ಛಂದ. ಸೋಮವಾರ ಪೂಜಿಗೆ ಅಯ್ನೋರು ಬಂದಾಗ ಹೊಸಾ ಸಾಮಾನಿಗೆಲ್ಲ ನೀರು ಚಿಮುಕಸ್ತಾರ. ಇದಕ್ಕೂ ಚಿಮುಕಸ್ಬೇಕಾಗ್ತದ."

ಎಲ್ಲ ಸಾಮಾನಿಗೂ ಚಿಮುಕಿಸುತ್ತಾರೆ, ಸೋಫಾಕ್ಕೆ, ಫ್ರಿಜ್ಜಿಗೆ, ಬೀರುವಿಗೆ, ಇದಕ್ಕೂ. ಅದರಲ್ಲೇನಿದೆ. ಆದರೆ ನಾಗವೇಣಿಯ ಮುಖ ಅವಳ ಮಾತು ಕೇಳಲಿಲ್ಲವೆಂದು ಕಾಣುತ್ತದೆ, ಉಮಾಶ್ರೀ ಅದನ್ನು ನೋಡಿ ಅವಸರವಸರವಾಗಿ ತೋಳು ಹಿಡಿದಳು.

"ಹೆದರಬ್ಯಾಡ ಮಾರಾಯ್ತಿ, ಈ ಸಲ ತಂಬಿಗಿ ಸುರಿಯೂದಿಲ್ಲ. ಹೂವಿಲೆ ಎರಡು ಹನಿ ಅಷ್ಟ" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಹಿಡಿದ ತೋಳನ್ನು ಬಿಟ್ಟಳು.

ಹಾಗಾದರೆ ಗೊತ್ತಿತ್ತು. ಹಲಗೆಯ ಮೇಲೆ ಕೈಯಾಡಿಸಿ ಮಳೆ ಅಂದಾಗಲೂ ಗೊತ್ತಿತ್ತು. ಯಾರಿಗೆ ಕೊಟ್ಟರೆ ಬಾಯಿಬಿಡದೆ ನೆಟ್ಟಗೆ ಮಾಡಿಕೊಡುತ್ತಾರೆ ಎಂಬುದೂ ಗೊತ್ತಿತ್ತು. ಅವಳಿಗೆ ನೆನಪಿದ್ದುಬಿಟ್ಟರೆ ಎದೆಯ ಭಾರ ಇಳಿಯುತ್ತದೆಂದು ನಾಗವೇಣಿ ಅಂದುಕೊಂಡಿದ್ದಳಲ್ಲ, ಇಳಿಯಲಿಲ್ಲ. ಸಿಟ್ಟು ಬಂತು, ಬರೀ ಸಿಟ್ಟು, ಕಣ್ಣು ಮಂಜಾಗುವಷ್ಟು. ಅಡುಗೆಮನೆಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದಳು. ಅದನ್ನು ಉಮಾಶ್ರೀಯ ಮುಂದೆ ಹಿಡಿದಳು.

"ಸೋಮವಾರ ಯಾಕ, ಈಗ ಹಾಕು."

ತಾನು ರೀ ಬಿಟ್ಟದ್ದು ಅವಳಿಗೆ ಕೇಳಿಸಿತು. ಉಮಾಶ್ರೀಗೂ ಕೇಳಿಸಿರಬೇಕು. "ಬ್ಯಾಡ ನಾಗೀ, ಇಷ್ಟು ಛಂದ ಮಾಡೀದಿ, ಹಾಳಾಗ್ತದ. ನಾ ಸಣ್ಣಾಕಿ ಇದ್ದೆ, ಅಜ್ಜಿ ತಾ ಅಂದ್ಲು, ತಂದ್ಕೊಟ್ಟೆ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ನಾಗವೇಣಿ ಮಾಳಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ತಂಬಿಗೆಯನ್ನು ತಾನೇ ಪಡಸಾಲೆಗೆ ಬಗ್ಗಿಸಿದಳು. ನೀರು ಹಲಗೆಯ ಮೇಲೆ ನಿಲ್ಲಲಿಲ್ಲ, ಹನಿ ಹನಿಯಾಗಿ ಜಾರಿ, ಕಂಬಗಳನ್ನು ಬಳಸಿ, ತಲೆಬಾಗಿಲಿನಿಂದ ಹೊರಗೆ ಬಂದು, ರಂಗೋಲಿ ದಾಟಿ, ಟೀಪಾಯಿಯ ಅಂಚಿನಿಂದ ಧಾರೆಯಾಗಿ ನೆಲಕ್ಕೆ ಬಿತ್ತು. ವಾರ್ನಿಷಿನ ಕೆಳಗಿನ ರಂಗೋಲಿ ಕದಡಲಿಲ್ಲ. ನೀರು ಹರಿದು ಹೋಗಿ ಉಮಾಶ್ರೀಯ ಪಾದದ ಸುತ್ತ ನಿಂತಿತು, ಸೀರೆಯ ಅಂಚು ತೊಯ್ದಿತು.

"ಎಷ್ಟು ಹಾಕಿದ್ರೂ ಈಗ ಹಿಡಿಯೂದಿಲ್ಲ ಅದು" ಅಂದಳು ನಾಗವೇಣಿ.

ಅಷ್ಟರಲ್ಲಿ ಪಾರ್ವತೆಮ್ಮ ಅರಿವೆ ಹಿಡಿದು ಬಂದಿದ್ದಳು, ಯಾರೂ ಕರೆಯದೆಯೇ. ಆ ನಡಿಗೆ, ಆ ಬಾಗಿದ ಸೊಂಟ ನೋಡಿ ನಾಗವೇಣಿ ಅಡ್ಡ ಬಂದಳು. "ಬಿಡವ್ವಾ, ಒರೆಸಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಕೈ ಹಿಡಿಯಲು ಹೋದಳು. ಪಾರ್ವತೆಮ್ಮ ಮಗಳ ಕೈಯನ್ನು ಮೆಲ್ಲಗೆ ಸರಿಸಿದಳು. ಅವಳು ಬಗ್ಗಿದ್ದು ನೆಲಕ್ಕಲ್ಲ. ಮಾಳಿಗೆ ತೆರೆದೇ ಇತ್ತು, ಮೇಲಿನಿಂದ ಕೈ ಇಳಿಸಬಹುದಿತ್ತು. ಅವಳು ತಲೆಬಾಗಿಲಿನಿಂದಲೇ ಕೈ ಹಾಕಿದಳು. ಬಳೆ ಬಾಗಿಲಿಗೆ ತಾಗಿದಾಗ ಅದನ್ನು ಮೇಲಕ್ಕೆ ಏರಿಸಿಕೊಂಡು, ಮೊಣಕೈಯವರೆಗೆ ಒಳಗೆ ಚಾಚಿ, ಪಡಸಾಲೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾವಕಾಶವಾಗಿ ಒರೆಸಿದಳು. ಕಂಬಗಳ ಬುಡ ಒರೆಸಿದಳು. ಅರಿವೆ ತೆಗೆದು ಬರಿಗೈ ಹಾಕಿ ಹಲಗೆಯ ಮೇಲೆ ಅಂಗೈ ಊರಿ ಒತ್ತಿ ನೋಡಿದಳು.

"ಹಲಗಿ ಗಟ್ಟಿ ಕುಂತದ ನಾಗವ್ವ" ಎಂದಳು.

ಕೈ ಒಳಗೇ ಇತ್ತು. ಉಮಾಶ್ರೀಯ ಕಾಲ ಕೆಳಗಿನ ನೀರನ್ನು ಯಾರೂ ಒರೆಸಲಿಲ್ಲ.